ಆರ್‌ಸಿ ಪುಸ್ತಕದೊಳಗಿನ ಅಮೆರಿಕ

1973ರ ಅಕ್ಟೋಬರ್ 3ರಂದು ರಾಮನಗರದ ಬಂಡೆಗಳ ನಡುವೆ 'ಶೋಲೆ' ಚಿತ್ರೀಕರಣ ಶುರುವಾಯಿತು. ಮೂರು ದಿನ ಕಳೆಯುವಷ್ಟರಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ತಿಂಗಳ ಎರಡನೇ ಅರ್ಧದಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಕೊಡುವುದಿಲ್ಲವೆಂದು ಕೂತವು. ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. 12ನೇ ತಾರೀಕು ದೆಹಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪೆಟ್ರೋಲ್ ದರ ಏರಿಕೆಯನ್ನು ವಿರೋಧಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು.

ಗಬ್ಬರ್ ಸಿಂಗ್ ರಾಮದೇವರ ಬೆಟ್ಟದಲ್ಲಿ ಗರ್ಜಿಸಲು ತಯಾರಾಗುತ್ತಿದ್ದ ಆ ಹೊತ್ತಿಗೇ, ಊರ ಮಧ್ಯೆ ಹಾದುಹೋಗುವ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡುತ್ತಿದ್ದ ಒಂದು ಜಾತಿಯ ಕಾರಿಗೆ ಕೇಡುಗಾಲ ಬಂದಿತ್ತು. ಉದ್ದ ಮೂತಿಯ, ಅಗಲ ಮೈಯ, ಲೀಟರಿಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ಕೊಡದ ಅಮೆರಿಕನ್ ಕಾರು ಅದು. ಡೆಟ್ರಾಯಿಟಿನಲ್ಲಿ ಅದರ ಅತ್ಯಂತ ಪುಂಡ ತಳಿಯಾದ ಮಸಲ್ ಕಾರು ಅದೇ ಚಳಿಗಾಲದಲ್ಲಿ ನೆಲಕಚ್ಚಿತು.

ಮಸಲ್ ಕಾರು ಹುಟ್ಟಿದ್ದೇ ಒಂದು ಕಚೇರಿ ತಂತ್ರದಿಂದ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಇಂಜಿನ್ ಹಾಕಕೂಡದೆಂದು ಜನರಲ್ ಮೋಟಾರ್ಸ್ ನಿಯಮ ಮಾಡಿಕೊಂಡಿತ್ತು. ಅದರದೇ ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಗೆಳೆಯರು 1964ರ ಮಾಡೆಲ್‌ಗೆ 389 ಘನ ಇಂಚಿನ, ಎಂದರೆ 6.4 ಲೀಟರಿನ ಇಂಜಿನ್ ಕೂರಿಸಿದರು. ಅದನ್ನು ಹೊಸ ಕಾರು ಎನ್ನದೆ, ಗಿರಾಕಿ ಬೇಕೆಂದರೆ ಹಾಕಿಸಿಕೊಳ್ಳಬಹುದಾದ ಹೆಚ್ಚುವರಿ ಸೌಕರ್ಯ ಎಂದು ಪಟ್ಟಿಯಲ್ಲಿ ಬರೆದರು. ಅದೇ ಜಿಟಿಒ. ಆ ವರ್ಷದ ಏಪ್ರಿಲ್ 17ಕ್ಕೆ ಫೋರ್ಡ್ ಮಸ್ಟಾಂಗ್ 2,368 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು. ನಂತರದ ಎಂಟು ಹತ್ತು ವರ್ಷ ಡಾಡ್ಜ್ ಚಾರ್ಜರ್, ಷೆವರ್ಲೆ ಕಮಾರೊ, ಪ್ಲಿಮತ್ ಬ್ಯಾರಕೂಡಾಗಳ ಅಬ್ಬರ. ಹುಡುಗರ ಕೈಗೆ ಲಾರಿಯ ಶಕ್ತಿ ಸಿಕ್ಕಿತು. ವಿಮಾ ಕಂಪನಿಗಳು ಕಂತು ಏರಿಸಿದವು, 1970ರ ಶುದ್ಧ ಗಾಳಿ ಕಾಯ್ದೆ ಹೊಗೆಗೆ ಮಿತಿ ಹಾಕಿತು, ಕೊನೆಗೆ ತೈಲ ಬಿಕ್ಕಟ್ಟು ಬಾಗಿಲು ಮುಚ್ಚಿಸಿತು.

ಇಂಥ ಕಾರು ಹಳೇ ಮೈಸೂರಿನ ಸೀಮೆಯಲ್ಲಿ ಏಕೆ ಹೆಚ್ಚು ಕಾಣಿಸಲಿಲ್ಲ ಎಂಬುದಕ್ಕೆ ಬಡತನ ಒಂದು ಉತ್ತರ. ಆದರೆ ಪೂರ್ತಿ ಉತ್ತರ ಕಾರಿನ ಬಾನೆಟ್ ಅಡಿಯಲ್ಲಿಲ್ಲ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟ ಕಾಗದಗಳಲ್ಲಿದೆ. ಈ ದೇಶದಲ್ಲಿ ಅಮೆರಿಕನ್ ಕಾರನ್ನು ಕೊಂಡವರೂ ಮಾರಿದವರೂ ಇಂಜಿನ್‌ಗಿಂತ ಹೆಚ್ಚಾಗಿ ಬೆಲೆ ಕಟ್ಟಿದ್ದು ಪರ್ಮಿಟ್ಟಿಗೆ, ಸುಂಕದ ರಸೀದಿಗೆ, ಆರ್‌ಸಿ ಪುಸ್ತಕಕ್ಕೆ.

ಹಾಗೆಂದು ಅಮೆರಿಕನ್ ಕಾರು ನಮಗೆ ಅಪರಿಚಿತವೇನಲ್ಲ. ರಾಮನಗರ ಇನ್ನೂ ಕ್ಲೋಸ್‌ಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲೇ ಫೋರ್ಡ್, ಷೆವರ್ಲೆ, ಡಾಡ್ಜ್, ಬ್ಯೂಕ್ ಈ ರಸ್ತೆಯಲ್ಲಿ ಧೂಳೆಬ್ಬಿಸಿದ್ದವು. ಬ್ರಿಟನ್ನಿನಲ್ಲಿ ಇಂಜಿನ್ ಸಿಲಿಂಡರಿನ ಅಗಲ ಅಳೆದು ತೆರಿಗೆ ಹಾಕುತ್ತಿದ್ದುದರಿಂದ ಅಲ್ಲಿನ ಕಂಪನಿಗಳು ಸಣ್ಣ ಇಂಜಿನ್ನಿಗೆ ಒಗ್ಗಿಕೊಂಡಿದ್ದವು. ಅಮೆರಿಕದ ಕಾರು ನೆಲದಿಂದ ಎತ್ತರ, ಏರಿನಲ್ಲಿ ಏದುಸಿರು ಬಿಡುತ್ತಿರಲಿಲ್ಲ, ಹಳ್ಳಿ ರಸ್ತೆಯ ಕೊರಕಲಿಗೆ ಅಂಜುತ್ತಿರಲಿಲ್ಲ. ಮೇಲಾಗಿ ಆ ಗಾತ್ರಕ್ಕೆ ಅಗ್ಗ. ಜನರಲ್ ಮೋಟಾರ್ಸ್ 1928ರಲ್ಲಿ ಬೊಂಬಾಯಿಯ ಸೇವ್ರಿಯಲ್ಲಿ ಬಿಡಿಭಾಗ ತರಿಸಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು. ಫೋರ್ಡ್ ಕಾರುಗಳು ಇಲ್ಲಿಗೆ ಬರುತ್ತಿದ್ದುದು ಕೆನಡಾದ ಕಂಪನಿಯ ಮೂಲಕ, ಏಕೆಂದರೆ ಬ್ರಿಟನ್ ಬಿಟ್ಟು ಉಳಿದ ಸಾಮ್ರಾಜ್ಯದಲ್ಲಿ ಮಾರುವ ಹಕ್ಕು 1904ರಿಂದ ಅದರದ್ದು. ದಕ್ಷಿಣದಲ್ಲಿ ಜನರಲ್ ಮೋಟಾರ್ಸ್ ಗಾಡಿಗಳ ದೊಡ್ಡ ವ್ಯಾಪಾರ ಟಿವಿಎಸ್ ಮನೆತನದ ಸುಂದರಂ ಮೋಟಾರ್ಸ್ ಕೈಯಲ್ಲಿತ್ತು.

ಅಮೆರಿಕನ್ ಕಾರನ್ನು ಕೊಳ್ಳುವ ಬದಲು ಇಲ್ಲೇ ಯಾಕೆ ಮಾಡಬಾರದು ಎಂದು ಕೇಳಿದವರು ಸರ್ ಎಂ. ವಿಶ್ವೇಶ್ವರಯ್ಯ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷವಾಗಿದ್ದ ಅವರು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಉದ್ಯಮವನ್ನು ಅಭ್ಯಾಸ ಮಾಡಿ ಬಂದರು. ವರದಿ ಬರೆದರು, ಬಂಡವಾಳಗಾರರನ್ನು ಹುಡುಕಿದರು. ಯೋಜನೆಯನ್ನು ಕೈಗೆತ್ತಿಕೊಂಡವರು ಬೊಂಬಾಯಿಯ ವಾಲ್‌ಚಂದ್ ಹೀರಾಚಂದ್. 1939ರಲ್ಲಿ ವಾಲ್‌ಚಂದ್ ಅಮೆರಿಕಕ್ಕೆ ಹೋದರು. ಫೋರ್ಡ್ ಜೊತೆ ಮಾತು ಕುದುರಲಿಲ್ಲ, ಜನರಲ್ ಮೋಟಾರ್ಸ್ ಒಲ್ಲೆ ಎಂದಿತು, ಕ್ರೈಸ್ಲರ್ ಒಪ್ಪಿತು. ಡಾಡ್ಜ್, ಪ್ಲಿಮತ್, ಡಿಸೋಟೊ ಮೂರೂ ಕ್ರೈಸ್ಲರ್ ಮನೆಯ ಹೆಸರುಗಳೇ.

ಊರಿಗೆ ಹಿಂದಿರುಗುವ ದಾರಿಯಲ್ಲಿ, ಪೆಸಿಫಿಕ್ ಸಾಗರ ದಾಟುವ ವಿಮಾನದಲ್ಲಿ ವಾಲ್‌ಚಂದ್ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಿಕ್ಕ. ಚೀನಾಕ್ಕೆ ವಿಮಾನ ಒದಗಿಸುತ್ತಿದ್ದ ವ್ಯಾಪಾರಿ ಅವನು. ಕಾರು ಮಾಡಲು ಹೊರಟಿದ್ದವರ ತಲೆಗೆ ವಿಮಾನ ಹೊಕ್ಕಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಜಾಗ ಕೊಟ್ಟರು, ಮೈಸೂರು ಸರ್ಕಾರ ಪಾಲು ಹಾಕಿತು, 1940ರ ಡಿಸೆಂಬರ್ 23ಕ್ಕೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಇಂದಿನ ಎಚ್‌ಎಎಲ್ ಅದೇ. ವಿಮಾನ ಕಾರ್ಖಾನೆಗೆ ಬ್ರಿಟಿಷ್ ಸರ್ಕಾರ ಹೂಂ ಎಂದಿತು, ಯುದ್ಧಕ್ಕೆ ವಿಮಾನ ಬೇಕಿತ್ತಲ್ಲ! ಕಾರು ಕಾರ್ಖಾನೆಯಲ್ಲೂ ಪಾಲು ಹಾಕಲು ಮೈಸೂರು ತಯಾರಿತ್ತು; ಅದಕ್ಕೆ ಮಾತ್ರ ಮೇಲಿನಿಂದ ಅಡ್ಡಗಾಲು ಬಿತ್ತು. ಯುದ್ಧದ ಕೆಲಸಕ್ಕೆ ಕಾರು ಅಗತ್ಯವಿಲ್ಲ ಎಂಬ ನೆಪ. ಬ್ರಿಟಿಷ್ ಕಾರು ಕಂಪನಿಗಳ ಹಿತ ಕಾಯುವ ಉದ್ದೇಶವೂ ಅದರ ಹಿಂದಿತ್ತೆಂದು ಅನುಮಾನಿಸಲು ದೊಡ್ಡ ಬುದ್ಧಿವಂತಿಕೆ ಬೇಡ. ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು; ಬೊಂಬಾಯಿಯ ಕುರ್ಲಾದಲ್ಲಿ 1947ರಿಂದ ಡಾಡ್ಜ್, ಪ್ಲಿಮತ್ ಗಾಡಿಗಳು ಹೊರಬಂದವು. ಮೈಸೂರು ಸೀಮೆಗೆ ಅವು ಬಂದದ್ದು ಗಿರಾಕಿಗಳ ಮನೆಗೆ ಮಾತ್ರ.

ಇದರ ನಡುವೆ ಯುದ್ಧವೇ ಅಮೆರಿಕವನ್ನು ಬೆಂಗಳೂರಿಗೆ ತಂದಿತು. ಎಚ್‌ಎಎಲ್ ಆವರಣ ಅಮೆರಿಕನ್ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ಯುದ್ಧ ಮುಗಿದಾಗ ಸೇನೆ ಬಿಟ್ಟುಹೋದ ವಿಲೀಸ್ ಜೀಪು, ಡಾಡ್ಜ್ ಮತ್ತು ಷೆವರ್ಲೆ ಟ್ರಕ್ಕುಗಳನ್ನು 'ಡಿಸ್ಪೋಸಲ್' ಹರಾಜುಗಳಲ್ಲಿ ಮಾರಲಾಯಿತು. ಮಲೆನಾಡಿನ ಕಾಫಿ ತೋಟದ ಜೀಪುಗಳಲ್ಲಿ ಎಷ್ಟೋ ಈ ಹರಾಜಿನ ಮಕ್ಕಳು.

ಸ್ವಾತಂತ್ರ್ಯ ಬಂದ ಮೇಲೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಇಲ್ಲೇ ತಯಾರಿಸುವ ಯೋಜನೆ ಇಲ್ಲದ, ಬರೀ ಜೋಡಣೆ ಮಾಡುವ ಕಂಪನಿಗಳು ಮೂರು ವರ್ಷದಲ್ಲಿ ಅಂಗಡಿ ಮುಚ್ಚಬೇಕೆಂದು 1953ರಲ್ಲಿ ಸರ್ಕಾರ ತೀರ್ಮಾನಿಸಿತು. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದದ್ದು ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್. ಅವಕ್ಕೂ ವರ್ಷಗಟ್ಟಲೆ ಸರದಿ. ಯಾರಿಗೆ ಕಾರು ಸಿಗಬೇಕು, ಸಿಕ್ಕ ಕಾರನ್ನು ಯಾವಾಗ ಮಾರಬಹುದು ಎಂಬುದನ್ನು ನಿಯಂತ್ರಿಸಲು 1959ರಲ್ಲಿ ಒಂದು ಆದೇಶವೇ ಹೊರಟಿತು. ಹೊಸ ಕಾರಿಗಿಂತ ಸೆಕೆಂಡ್ ಹ್ಯಾಂಡ್ ಕಾರಿಗೆ ಹೆಚ್ಚು ಬೆಲೆ ಎಂಬ ತಲೆಕೆಳಗಾದ ಸಂತೆ ಅದು.

ಅಮೆರಿಕದಲ್ಲಿ ಮಸಲ್ ಕಾರು ಉತ್ತುಂಗದಲ್ಲಿದ್ದದ್ದು 1964ರಿಂದ 1972ರವರೆಗೆ. ಭಾರತದ ಬಂದರಿನ ಬಾಗಿಲು ಅತಿ ಬಿಗಿಯಾಗಿದ್ದದ್ದೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ.

ಒಂದು ಕಿಂಡಿ ಮಾತ್ರ ತೆರೆದಿತ್ತು. ವಿದೇಶಿ ರಾಯಭಾರಿಗಳೂ ಅವರ ಕಚೇರಿಯ ಅಧಿಕಾರಿಗಳೂ ಸುಂಕವಿಲ್ಲದೆ ತಮ್ಮ ಕಾರು ತರಬಹುದಿತ್ತು. ವರ್ಗವಾಗಿ ಹೋಗುವಾಗ ಅದನ್ನು ಕಂಡಕಂಡವರಿಗೆ ಮಾರುವಂತಿರಲಿಲ್ಲ. 1956ರಲ್ಲಿ ಸ್ಥಾಪನೆಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್, ಅಂದರೆ ಎಸ್‌ಟಿಸಿಗೆ ಒಪ್ಪಿಸಬೇಕು. ಎಸ್‌ಟಿಸಿ ಅದನ್ನು ಟೆಂಡರು, ಹರಾಜಿನ ಮೂಲಕ ಮಾರುತ್ತಿತ್ತು. ಸಿನಿಮಾ ತಾರೆಯರು, ಉದ್ಯಮಿಗಳು, ಹೋಟೆಲಿನವರು ಮುಗಿಬೀಳುತ್ತಿದ್ದರು. ಷೆವರ್ಲೆ ಇಂಪಾಲಾ ಎಂಬ ಹೆಸರು ಸಿರಿವಂತಿಕೆಯ ಪರ್ಯಾಯಪದವಾದದ್ದು ಹೀಗೆ: ಅದು ಅಂಗಡಿಯಲ್ಲಿ ಸಿಗುವ ಕಾರಾಗಿರಲಿಲ್ಲ, ಮುಚ್ಚಿದ ಲಕೋಟೆಯಲ್ಲಿ ಬರೆದು ಗೆಲ್ಲಬೇಕಾದ ಕಾರಾಗಿತ್ತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಚುಕಿ, ಅಲುಗಿಸಿ ನೋಡಿ ಬೆಲೆ ಕೂಗುತ್ತಿದ್ದ ರೀಲರುಗಳ ವ್ಯಾಪಾರಕ್ಕಿಂತ ಇದು ಕಷ್ಟದ್ದು. ಎದುರಿಗಿದ್ದವರು ಎಷ್ಟು ಬರೆದಿದ್ದಾರೆಂದು ಗೊತ್ತಾಗುವುದಿಲ್ಲ, ಬಿಡಿಭಾಗ ಎಲ್ಲಿಂದ ತರುವುದೆಂದೂ ಗೊತ್ತಿಲ್ಲ.

ಆ ಕಿಂಡಿಯಿಂದ ಒಳಬಂದ ಮಸಲ್ ಕಾರುಗಳು ಬಲು ವಿರಳ. ರಾಯಭಾರಿಗಳು ಸಾಮಾನ್ಯವಾಗಿ ನಾಲ್ಕು ಬಾಗಿಲಿನ ಗಂಭೀರ ಕಾರು ತರುವವರು. ಎರಡು ಬಾಗಿಲಿನ ಮಸ್ಟಾಂಗ್ ತರಲು ಸ್ವಲ್ಪ ತುಂಟತನವೂ ಇರಬೇಕು. ಬಂದವಕ್ಕೂ ಎಡಗಡೆ ಸ್ಟೀರಿಂಗ್.

ಆಮೇಲೆ ಬಂದದ್ದು 1973. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 1974ರ ಆರಂಭಕ್ಕೆ 12 ಡಾಲರ್ ಮುಟ್ಟಿತು. ಇಂಪಾಲಾ, ಪ್ಲಿಮತ್ ಇಟ್ಟುಕೊಂಡಿದ್ದವರಿಗೆ ಬಂಕಿಗೆ ಹೋಗುವುದೇ ಶಿಕ್ಷೆಯಾಯಿತು. ಕೆಲವರು ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದರು. ಕೆಲವರು ಗುಜರಿಗೆ ಕೊಟ್ಟರು. ಉಳಿದವರು ಗ್ಯಾರೇಜಿನವರ ಮಾತು ಕೇಳಿದರು.

ಗ್ಯಾರೇಜಿನವರ ಮದ್ದು ಡೀಸೆಲ್. ಸರಪಳಿ ಹಾಕಿ ಪೆಟ್ರೋಲ್ ಇಂಜಿನ್ನನ್ನು ಎತ್ತಿ ಹೊರಗಿಡುವುದು. ಮೌಂಟಿಂಗ್ ಕತ್ತರಿಸಿ ಬೇರೆ ಕಡೆ ವೆಲ್ಡ್ ಮಾಡುವುದು. ಪರ್ಕಿನ್ಸ್ ಅಥವಾ ಮಟಡೋರ್ ವ್ಯಾನಿನ ಇಂಜಿನ್ ತಂದು, ಅದನ್ನು ಅಮೆರಿಕನ್ ಗೇರ್‌ಬಾಕ್ಸಿಗೆ ಕೂಡಿಸಲು ಲೇತಿನಲ್ಲಿ ಒಂದು ದಪ್ಪ ಉಕ್ಕಿನ ತಟ್ಟೆ ಕಡೆಸುವುದು. ಉದ್ದದ ಬಾನೆಟ್ಟಿನೊಳಗೆ ಉಳಿದ ಖಾಲಿ ಜಾಗದಲ್ಲಿ ದೊಡ್ಡ ಬ್ಯಾಟರಿ ಕೂರಿಸುವುದು. ಕಾರು ಲಾರಿಯಂತೆ ಗಡಗಡ ಎನ್ನುತ್ತಿತ್ತು, ಆದರೆ ಮೈಲೇಜು ಎರಡು ಪಟ್ಟಿಗೂ ಹೆಚ್ಚು. ಕಳಚಿಟ್ಟ ಎಂಟು ಸಿಲಿಂಡರಿನ ವಿ8 ಇಂಜಿನ್ ಮೂಲೆಯಲ್ಲಿ ತುಕ್ಕು ಹಿಡಿದು ಕೊನೆಗೆ ತೂಕದ ಲೆಕ್ಕದಲ್ಲಿ ಹೋಗುತ್ತಿತ್ತು. ಆರ್‌ಸಿ ಪುಸ್ತಕದಲ್ಲಿ ಹಳೆಯ ಇಂಜಿನ್ ನಂಬರಿನ ಮೇಲೆ ಗೆರೆ ಎಳೆದು ಹೊಸದು ಬರೆದು, 'ಪೆಟ್ರೋಲ್' ಇದ್ದಲ್ಲಿ 'ಡೀಸೆಲ್' ಎಂದು ಮೊಹರು ಹೊಡೆಸಿದರೆ ಕೆಲಸ ಮುಗಿಯಿತು.

ಆ ಗೆರೆ ಎಷ್ಟು ದುಬಾರಿ ಎಂದು ಗೊತ್ತಾಗಲು ಎರಡು ಮೂರು ದಶಕ ಬೇಕಾಯಿತು. ಅಮೆರಿಕದಲ್ಲಿ ಹಳೆಯ ಮಸಲ್ ಕಾರಿನ ಬೆಲೆ ನಿಂತಿರುವುದೇ ಮೂಲ ಇಂಜಿನ್, ಮೂಲ ಗೇರ್‌ಬಾಕ್ಸ್, ಷಾಸಿ ನಂಬರುಗಳು ಒಂದಕ್ಕೊಂದು ತಾಳೆಯಾಗುವುದರ ಮೇಲೆ. 1971ರ ಪ್ಲಿಮತ್ ಹೆಮಿ ಕೂಡಾ ಕನ್ವರ್ಟಿಬಲ್ 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಸ್ಟೀವ್ ಮೆಕ್‌ಕ್ವೀನ್ 'ಬುಲಿಟ್' ಚಿತ್ರದಲ್ಲಿ ಓಡಿಸಿದ 1968ರ ಮಸ್ಟಾಂಗ್‌ನ ಕತೆ ಇನ್ನೂ ಸ್ವಾರಸ್ಯಕರ. ನ್ಯೂಜೆರ್ಸಿಯ ಒಂದು ಕುಟುಂಬ 1974ರಲ್ಲಿ, ಎಂದರೆ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ, ಅದನ್ನು 6,000 ಡಾಲರಿಗೆ ಕೊಂಡು ದಿನಬಳಕೆಗೆ ಇಟ್ಟುಕೊಂಡಿತ್ತು. 1977ರಲ್ಲಿ ಮೆಕ್‌ಕ್ವೀನ್ ತಾನೇ ಪತ್ರ ಬರೆದು ಕಾರು ವಾಪಸು ಕೊಡುವಿರಾ ಎಂದು ಕೇಳಿದ, ಮನೆಯವರು ಕೊಡಲಿಲ್ಲ. 2020ರ ಜನವರಿಯಲ್ಲಿ ಅದು ಶುಲ್ಕವೂ ಸೇರಿ 37.4 ಲಕ್ಷ ಡಾಲರಿಗೆ ಮಾರಾಟವಾಯಿತು. ಬಣ್ಣ ಮಾಸಿದ, ತುಕ್ಕು ಹತ್ತಿದ ಸ್ಥಿತಿಯಲ್ಲೇ! ಮೆಕ್‌ಕ್ವೀನ್‌ನ ಆ ಪತ್ರವೂ ಬೆಲೆಯನ್ನು ಏರಿಸಿತೆಂಬುದರಲ್ಲಿ ಸಂಶಯವಿಲ್ಲ. ಅಲ್ಲೂ ಕಾಗದವೇ.

ನಮ್ಮ ಕಾಗದಗಳ ಅವಸ್ಥೆ ಬೇರೆ. ಕನಕಪುರದ ವಿಳಾಸದಲ್ಲಿ 1955ರಲ್ಲಿ ನೋಂದಣಿಯಾದ ಒಂದು ಡಾಡ್ಜ್ ಇದೆಯೆಂದು ಊಹಿಸಿಕೊಳ್ಳಿ. ಅದರ ನಂಬರು ಎಂವೈ ಎಂದು ಶುರು. ರಾಜ್ಯದ ಹೆಸರು ಬದಲಾದ ಮೇಲೆ ಬಂದ ಗಾಡಿಗಳಿಗೆ ಸಿಎ, 1989ರ ನಂತರ ಕೆಎ. 1986ರಲ್ಲಿ ಬೆಂಗಳೂರು ಜಿಲ್ಲೆ ಇಬ್ಭಾಗವಾಗಿ ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರಗಳು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. 2007ರ ಆಗಸ್ಟ್‌ನಲ್ಲಿ ರಾಮನಗರವೇ ಜಿಲ್ಲೆಯಾಯಿತು. ಆರ್‌ಟಿಒ ಸಂಕೇತ ಕೆಎ-42. 2025ರ ಮೇ ತಿಂಗಳಲ್ಲಿ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಒಪ್ಪಿತು. ಶೆಡ್ಡಿನಿಂದ ಕದಲದೆಯೇ ಕಾರು ನಾಲ್ಕು ಜಿಲ್ಲೆ, ಎರಡು ರಾಜ್ಯ ಸುತ್ತಿದಂತಾಯಿತು. ಇಷ್ಟರ ನಡುವೆ ಮೂಲ ನೋಂದಣಿ ಪುಸ್ತಕ ಗೆದ್ದಲಿಗೆ ಸಿಕ್ಕಿರದಿದ್ದರೆ ಅದು ಪುಣ್ಯ. ಹಳೆಯ ಕಾರು ಕೊಳ್ಳುವ ಬ್ರೋಕರುಗಳು ಮೊದಲು ಕೇಳುವುದು 'ಬುಕ್ಕಿದೆಯಾ?' ಎಂದೇ, ಇಂಜಿನ್ ಸ್ಟಾರ್ಟ್ ಆಗುತ್ತದೆಯೇ ಎಂಬುದು ಎರಡನೇ ಪ್ರಶ್ನೆ.

ಆಮದಿನ ಅಮೆರಿಕನ್ ಕಾರು ಕೈಗೆಟುಕದವರಿಗೆ 1984ರಲ್ಲಿ ಸಮಾಧಾನದ ಬಹುಮಾನ ಸಿಕ್ಕಿತು. ಹಿಂದೂಸ್ತಾನ್ ಮೋಟಾರ್ಸಿನ ಕಾಂಟೆಸಾ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಎಕ್ಸ್ ಮಾದರಿಯ ಅಚ್ಚು ಅದು. ವಾಕ್ಸ್‌ಹಾಲ್ ಆಗ ಜನರಲ್ ಮೋಟಾರ್ಸ್ ಒಡೆತನದಲ್ಲಿದ್ದುದರಿಂದ ಅಮೆರಿಕದ ದೂರದ ಬೀಗ ಎನ್ನಬಹುದು. ಮೊದಮೊದಲು ಅದರೊಳಗಿದ್ದದ್ದು ಅಂಬಾಸಡರಿನ ಬಡ ಇಂಜಿನ್. ಆಮೇಲೆ 1.8 ಲೀಟರಿನ ಇಸುಜು ಇಂಜಿನ್ ಬಂದು ಮಾನ ಉಳಿಯಿತು. ಅದರ ಚೌಕ ಮೂತಿ, ಉದ್ದ ಬಾನೆಟ್ ನೋಡಿ ಜನ ಅದನ್ನು ಭಾರತದ ಮಸಲ್ ಕಾರು ಎಂದರು, ಇಂದಿಗೂ ಅನ್ನುತ್ತಾರೆ. ಡೆಟ್ರಾಯಿಟಿನ ಜಿಟಿಒ ಎದುರು ನಿಲ್ಲಿಸಿದರೆ ಈ ಬಿರುದು ನಗೆಪಾಟಲು. ಆದರೂ 2002ರಲ್ಲಿ ನಿಂತುಹೋದ ಈ ಕಾರನ್ನು ಹುಡುಕಿ ಕೊಂಡು, ಕಪ್ಪು ಬಣ್ಣ ಬಳಿದು, ಅಗಲ ಟೈರು ಹಾಕಿ, ಮಸ್ಟಾಂಗ್‌ನ ಗತ್ತು ಕೊಡಿಸುವ ಹುಡುಗರ ಉತ್ಸಾಹವನ್ನು ಅಲ್ಲಗಳೆಯಲಾಗದು. ಸಿಗದ ವಸ್ತುವಿಗೆ ಸಿಕ್ಕಿದ್ದರಲ್ಲೇ ವೇಷ ಹಾಕಿಸುವುದು ಪರ್ಮಿಟ್ ಕಾಲ ಕಲಿಸಿದ ವಿದ್ಯೆ.

ಉದಾರೀಕರಣದ ನಂತರ ಮೋಟಾರು ಕಾರ್ಖಾನೆ ಕೊನೆಗೂ ಮೈಸೂರು ರಸ್ತೆಗೆ ಬಂತು. ಅಮೆರಿಕದ್ದಲ್ಲ, ಜಪಾನಿನದು. 1997ರಲ್ಲಿ ಹುಟ್ಟಿದ ಟೊಯೊಟಾ ಕಿರ್ಲೋಸ್ಕರ್ ಬಿಡದಿಯ ಕಾರ್ಖಾನೆಯಿಂದ 1999ರ ಕೊನೆಯಲ್ಲಿ ಕ್ವಾಲಿಸ್ ಹೊರತಂದಿತು. 1973ರ ನಂತರ ಡೆಟ್ರಾಯಿಟಿನ ಮಾರುಕಟ್ಟೆ ಕಸಿದದ್ದೇ ಇಂಥ ಜಪಾನೀ ಕಂಪನಿಗಳ ಮಿತವ್ಯಯದ ಕಾರುಗಳು. ಮತ್ತೆ ಭಾರತಕ್ಕೆ ಬಂದಿದ್ದ ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ಕೈಬಿಡುವುದಾಗಿ ಘೋಷಿಸಿತು. ಹೋಗುವ ಮುಂಚೆ ಫೋರ್ಡ್ ಒಂದು ಆಸೆ ತೀರಿಸಿತು: 2016ರಲ್ಲಿ, ಕಾರ್ಖಾನೆಯಲ್ಲೇ ಬಲಗಡೆ ಸ್ಟೀರಿಂಗ್ ಹಾಕಿ ತಯಾರಾದ ಮೊದಲ ಪೀಳಿಗೆಯ ಮಸ್ಟಾಂಗ್ ಅನ್ನು 65 ಲಕ್ಷ ರೂಪಾಯಿಗೆ ಇಲ್ಲಿ ಮಾರಿತು. 5 ಲೀಟರಿನ ವಿ8. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ. 18 ಆಜೀವ ತೆರಿಗೆ, ಅದರ ಮೇಲೆ ಸೆಸ್ಸು. ಅಷ್ಟು ತೆರಿಗೆಯಲ್ಲೇ ಒಳ್ಳೆಯದೊಂದು ಕಾರು ಬರುತ್ತಿತ್ತು.

ಹಳೆಯದನ್ನು ಉಳಿಸುವವರ ಸಂಖ್ಯೆಯೂ ಈ ಕಾಲದಲ್ಲೇ ಬೆಳೆಯಿತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳನ್ನು ಶ್ರೀರಂಗಪಟ್ಟಣದ ಬಳಿ, ಇದೇ ಮೈಸೂರು ರಸ್ತೆಯಂಚಿನ 'ಪಯಣ' ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಬೆಂಗಳೂರಿನಿಂದ ಅಲ್ಲಿಗೆ ಹೋಗುವವರು ಈಗ ಬಿಡದಿ, ರಾಮನಗರ, ಚನ್ನಪಟ್ಟಣ ಯಾವುದನ್ನೂ ಕಾಣದೆ ಬೈಪಾಸಿನಲ್ಲಿ ಹಾರಿಹೋಗುತ್ತಾರೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೆದ್ದಾರಿ ಚನ್ನಪಟ್ಟಣದ ಬೊಂಬೆ ಅಂಗಡಿಗಳ ವ್ಯಾಪಾರವನ್ನೂ ತಿಂದಿತು. ಅಂದಹಾಗೆ, ಹಾಲೆ ಮರದಲ್ಲಿ ಕಡೆದು ಅರಗು ಬಳಿದ ಆ ಅಂಗಡಿಗಳ ಆಟದ ಕಾರು, ಲೇತು ಕೊಟ್ಟ ಗುಂಡು ಮೈಯಿಂದಾಗಿ, ಇಂದಿನ ಯಾವ ಕಾರಿಗಿಂತಲೂ ಹೆಚ್ಚಾಗಿ 1940ರ ದಶಕದ ಪ್ಲಿಮತ್‌ನ ಕಡೆಯ ನೆಂಟನಂತೆ ಕಾಣುತ್ತದೆ.

ಮಸಲ್ ಕಾರಿನ ವಿಷಯದಲ್ಲಿ ಕಾನೂನು ಬಹುಕಾಲ ವಿಚಿತ್ರ ಕಂದರವೊಂದನ್ನು ತೋಡಿಟ್ಟಿತ್ತು. ಸೆಕೆಂಡ್ ಹ್ಯಾಂಡ್ ಕಾರು ಆಮದು ಮಾಡಬೇಕೆಂದರೆ ಅದಕ್ಕೆ ಮೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ವಿಂಟೇಜ್ ಎಂದು ತರಬೇಕೆಂದರೆ 1950ರ ಜನವರಿ 1ಕ್ಕಿಂತ ಹಿಂದಿನದಾಗಿರಬೇಕು. 1969ರ ಚಾರ್ಜರ್ ಎರಡಕ್ಕೂ ಸಲ್ಲದು: ಒಂದಕ್ಕೆ ಮುದುಕ, ಇನ್ನೊಂದಕ್ಕೆ ಹುಡುಗ. ಹೀಗಾಗಿ ದೇಶದೊಳಗಿದ್ದ ಬೆರಳೆಣಿಕೆಯ ಕಾರುಗಳೇ ಕೈಯಿಂದ ಕೈಗೆ ಸಾಗಿದವು. ಎಸ್‌ಟಿಸಿ ಕಾಗದ ನೆಟ್ಟಗಿದ್ದ ಕಾರಿಗೆ ಮಾಲೀಕರು ಹೇಳಿದ್ದೇ ಬೆಲೆ. 2025ರಲ್ಲಿ ಕೇಂದ್ರ ಸರ್ಕಾರ ಆ ಗೆರೆಯನ್ನು 50 ವರ್ಷ ಎಂದು ಬದಲಿಸಿತು. ಮಸಲ್ ಕಾರಿನ ಇಡೀ ಯುಗ ಒಮ್ಮೆಗೇ ಒಳಗೆ ಬಂತು, ಬೆಲೆಯನ್ನು ದುಪ್ಪಟ್ಟು ಮೀರಿಸುವ ಸುಂಕದ ಸಮೇತ.

ಸುಂಕ ಕಟ್ಟಿ ತಂದವರಿಗೆ ಮುಂದಿನ ಪುಟ 2021ರ ಜುಲೈನಲ್ಲಿ ಬಂದ ಮೋಟಾರು ವಾಹನ ನಿಯಮ ತಿದ್ದುಪಡಿ. 50 ವರ್ಷ ದಾಟಿದ, ಷಾಸಿ, ಬಾಡಿ, ಇಂಜಿನ್ ಗಣನೀಯವಾಗಿ ಬದಲಾಗದ ಗಾಡಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನಂಬರು. ನೋಂದಣಿ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಬಳಿಕ ನವೀಕರಣಕ್ಕೆ 5,000. ಡೀಸೆಲ್ ಇಂಜಿನ್ ತುರುಕಿಸಿಕೊಂಡ ಇಂಪಾಲಾಗಳು ಇಲ್ಲೇ ತಡವರಿಸುವುದು. ಎಡಗಡೆ ಸ್ಟೀರಿಂಗ್ ಇದ್ದರೆ 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಪ್ರಕಾರ ಸಿಗ್ನಲ್ ಸಾಧನ ಸರಿಯಾಗಿ ಕೆಲಸ ಮಾಡುತ್ತಿರಬೇಕು. ಇಷ್ಟೆಲ್ಲ ಆದ ಮೇಲೂ ರಸ್ತೆಗಿಳಿಸಲು ಅನುಮತಿ ಇರುವುದು ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ರ‍್ಯಾಲಿಗೆ, ಇಂಧನ ತುಂಬಿಸಲು ಮತ್ತು ರಿಪೇರಿಗೆ. ಭಾನುವಾರ ಬೆಳಿಗ್ಗೆ ಮಾಗಡಿಯ ಸಾವನದುರ್ಗದತ್ತ ಒಂದು ಸುತ್ತು ಹೋಗಿ, ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವುದು ಆ ಪಟ್ಟಿಯಲ್ಲಿಲ್ಲ. ಹತ್ತು ಜನ ಕೂಡಿ ಅದಕ್ಕೆ ರ‍್ಯಾಲಿ ಎಂದು ಹೆಸರಿಟ್ಟುಕೊಂಡರೆ ಆಯಿತು.